ನಿರ್ಭೀತ ಪತ್ರಕರ್ತ ಶೋಯೆಬುಲ್ಲಾ ಖಾನ್

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು ಒಂದು ಕಾಲದಲ್ಲಿ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1947ರ ಆಗಸ್ಟ್ 15ರಂದು ಭಾರತವು ಸ್ವತಂತ್ರವಾದರೂ ಇಲ್ಲಿನ ಜನರಿಗೆ ಆ ಭಾಗ್ಯ ಲಭಿಸಲಿಲ್ಲ. ನಿಜಾಮನು ಭಾರತದ ಒಕ್ಕೂಟವನ್ನು ಸೇರಲು ಒಪ್ಪಲಿಲ್ಲ. ಖಾಸಿಂ ರಜ್ವಿಯ ಮುಂದಾಳುತನದ ರಜಾಕಾರರು ಊರೂರುಗಳಲ್ಲಿ ಸುಲಿಗೆ, ಹಿಂಸಾಚಾರಗಳನ್ನು ನಡೆಸಿದರು. ಕೊಪ್ಪಳ ಭಾಗದ ಹೋರಾಟಗಾರರು ಸಂಸ್ಥಾನದ ಗಡಿಯಾಚೆಗಿನ ಮುಂಡರಗಿಯಲ್ಲಿ ಶಿಬಿರ ಹೂಡಿ ಅವರನ್ನು ಎದುರಿಸಿದರು. ರಾಜಧಾನಿಯಾದ ಹೈದರಾಬಾದಿನಲ್ಲಿ ಇದೇ ಹೋರಾಟವನ್ನು ಲೇಖನಿಯಿಂದ ನಡೆಸಿದವರು ಶೋಯೆಬುಲ್ಲಾ ಖಾನ್.

ಅವರು 1920ರಲ್ಲಿ ತೆಲಂಗಾಣದ ಹಳ್ಳಿಯೊಂದರಲ್ಲಿ ಜನಿಸಿದರು. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪದವೀಧರರಾದ ಅವರಿಗೆ ಸರ್ಕಾರಿ ನೌಕರಿ ದುರ್ಲಭವಾಗಿರಲಿಲ್ಲ. ಆದರೆ ಅವರ ಮನಸ್ಸು ಒಲಿದದ್ದು ಪತ್ರಿಕೋದ್ಯಮಕ್ಕೆ. ಮೊದಲು 'ತೇಜ್' ಎಂಬ ಉರ್ದು ಪತ್ರಿಕೆಯಲ್ಲಿ ದುಡಿದರು. ಸರ್ಕಾರ ಅದನ್ನು ನಿಲ್ಲಿಸಿತು. ಬಳಿಕ ಮಂದುಮುಲ ನರಸಿಂಗರಾವ್ ಅವರ 'ರಯ್ಯತ್' ಪತ್ರಿಕೆಯನ್ನು ಸೇರಿದರು. ಅದಕ್ಕೂ ಅದೇ ಗತಿಯಾಯಿತು. ಆದರೂ ಅವರು ಎದೆಗುಂದಲಿಲ್ಲ. ಬೂರ್ಗುಲ ರಾಮಕೃಷ್ಣರಾವ್ ಅವರ ನೆರವಿನಿಂದ 1947ರ ನವೆಂಬರಿನಲ್ಲಿ ತಾವೇ 'ಇಮ್ರೋಜ್' ಎಂಬ ದಿನಪತ್ರಿಕೆಯನ್ನು ಆರಂಭಿಸಿದರು. ಇಮ್ರೋಜ್ ಎಂದರೆ 'ಇಂದು' ಎಂದು ಅರ್ಥ.

ಹೈದರಾಬಾದ್ ಭಾರತದಲ್ಲಿ ವಿಲೀನವಾಗಬೇಕು, ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ದೊರೆಯಬೇಕು ಎಂಬುದು ಆ ಪತ್ರಿಕೆಯ ನಿಲುವಾಗಿತ್ತು. 1948ರ ಜನವರಿಯಲ್ಲಿ ಬರೆದ ಸಂಪಾದಕೀಯದಲ್ಲಿ ಅವರು, ಸಂಸ್ಥಾನದಲ್ಲಿ ಹಗಲಿಗೊಂದು, ಇರುಳಿಗೊಂದು ಸರ್ಕಾರವಿರುವಂತಾಗಿದೆಯೆಂದು ಟೀಕಿಸಿದರು. ಸ್ವತಃ ಮುಸ್ಲಿಮರಾಗಿದ್ದ ಶೋಯೆಬುಲ್ಲಾ ಖಾನರನ್ನು ರಜಾಕಾರರು ದ್ರೋಹಿಯೆಂದು ಬಗೆದರು. ಬೆದರಿಕೆಯ ಪತ್ರಗಳು ಬರತೊಡಗಿದವು. ಆದರೆ ಧರ್ಮವೊಂದರ ಹೆಸರಿನಲ್ಲಿ ನಡೆಯುವ ಅನ್ಯಾಯವನ್ನು ಆ ಧರ್ಮದವನೇ ಖಂಡಿಸುವುದು ದ್ರೋಹವಲ್ಲ, ಕರ್ತವ್ಯ ಎಂದು ಅವರ ನಡೆ ತೋರಿಸಿತು. ಆಗಸ್ಟ್ ತಿಂಗಳಿನಲ್ಲಿ ಏಳು ಮಂದಿ ಮುಸ್ಲಿಮ್ ಗಣ್ಯರು ವಿಲೀನವನ್ನು ಬೆಂಬಲಿಸಿ ಹೊರಡಿಸಿದ ಹೇಳಿಕೆಯನ್ನು ಅವರು ಧೈರ್ಯವಾಗಿ ಪ್ರಕಟಿಸಿದರು. ವಿರೋಧವಾಗಿ ಏಳುವ ಕೈಗಳನ್ನು ಕತ್ತರಿಸಲಾಗುವುದೆಂದು ರಜ್ವಿ ಬಹಿರಂಗವಾಗಿ ಎಚ್ಚರಿಸಿದನು.

ಅದು ಬರಿಯ ಮಾತಾಗಿ ಉಳಿಯಲಿಲ್ಲ. 1948ರ ಆಗಸ್ಟ್ 21ರ ರಾತ್ರಿ, ಪತ್ರಿಕೆಯ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಶೋಯೆಬುಲ್ಲಾ ಖಾನರ ಮೇಲೆ ಹಂತಕರು ಗುಂಡು ಹಾರಿಸಿದರು. ಬರೆಯುವ ಕೈಯನ್ನೇ ಕತ್ತರಿಸಿದರು. ರಕ್ಷಣೆಗೆ ಧಾವಿಸಿದ ಅವರ ಭಾವಮೈದುನನೂ ತೀವ್ರವಾಗಿ ಗಾಯಗೊಂಡರು. ಮರುದಿನ ಬೆಳಗಾಗುವ ಮೊದಲೇ ಶೋಯೆಬುಲ್ಲಾ ಖಾನ್ ಕೊನೆಯುಸಿರೆಳೆದರು. ಆಗ ಅವರಿಗೆ ಕೇವಲ ಇಪ್ಪತ್ತೇಳು ವರ್ಷ.

ಒಂದು ತಿಂಗಳೂ ಕಳೆಯಲಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮನು ಶರಣಾದನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಜನರೂ ಸ್ವತಂತ್ರ ಭಾರತದ ಪ್ರಜೆಗಳಾದರು. ಆ ಶುಭದಿನವನ್ನು ಕಾಣುವ ಭಾಗ್ಯ ಶೋಯೆಬುಲ್ಲಾ ಖಾನರಿಗೆ ಇರಲಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಈ ನಾಡಿನಲ್ಲಿ ಧ್ವಜ ಏರುವಾಗ, ಶಸ್ತ್ರ ಹಿಡಿದು ಹೋರಾಡಿದವರೊಡನೆ ಲೇಖನಿ ಹಿಡಿದು ಮಡಿದ ಈ ಧೀರನೂ ಸ್ಮರಣೀಯನು.