ಕಲಿತು ಸೇವೆಗಿಳಿದ ಭಗಿನಿ: ಡಾ. ಮೇರಿ ಗ್ಲೌರಿ

ಪಿಯುಸಿ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಕಾಕತಿ, ಬೆಳಗಾವಿ, ಖಾನಾಪುರಗಳ ನಮ್ಮ ಅನೇಕ ಕಥೋಲಿಕ ಕುಟುಂಬಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಮಗಳು ನರ್ಸಿಂಗ್ ಕಲಿಯಲು ಬಯಸಿದ್ದಾಳೆ. ಬೇಗ ಮುಗಿದು ಸಂಬಳ ತರುವ ತರಬೇತಿಗೆ ಕಳುಹಿಸಬೇಕೋ, ನಾಲ್ಕು ವರ್ಷಗಳ ಪದವಿಗೆ ಸೇರಿಸಬೇಕೋ? ರೋಗಿಗಳ ಸೇವೆಗೆ ಒಳ್ಳೆಯ ಮನಸ್ಸಿದ್ದರೆ ಸಾಕು, ಅಷ್ಟೊಂದು ಓದು ಏತಕ್ಕೆ ಎನ್ನುವ ಹಿರಿಯರೂ ಇದ್ದಾರೆ. ಈ ಪ್ರಶ್ನೆಯ ಮುಂದೆ ನಿಂತಿರುವ ಕುಟುಂಬಗಳು ಭಗಿನಿ ಮೇರಿ ಗ್ಲೌರಿಯವರ ಬಾಳನ್ನು ಒಮ್ಮೆ ಅವಲೋಕಿಸುವುದು ಒಳಿತು. ಅವರು ದಾದಿಯಲ್ಲ, ವೈದ್ಯೆ. ಆದರೆ ಭಾರತದ ಧರ್ಮಸಭೆಯಲ್ಲಿ ದಾದಿಯರ ಶಿಕ್ಷಣಕ್ಕಾಗಿ ಅವರಷ್ಟು ದುಡಿದವರು ವಿರಳ.

ಮೇರಿಯವರು ಜನಿಸಿದ್ದು 1887ರ ಜೂನ್ 23ರಂದು, ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ. ವಿದ್ಯಾರ್ಥಿವೇತನದ ಬಲದಿಂದ ಮೆಲ್ಬರ್ನ್ ವಿಶ್ವವಿದ್ಯಾನಿಲಯಕ್ಕೆ ಸೇರಿದಾಗ ಅವರು ಮೊದಲು ಆಯ್ದುಕೊಂಡದ್ದು ಕಲಾ ವಿಭಾಗವನ್ನು. ತಂದೆಯವರ ಪ್ರೋತ್ಸಾಹದಿಂದ ಬಳಿಕ ವೈದ್ಯಕೀಯಕ್ಕೆ ಬದಲಾದರು. ಹೆಣ್ಣುಮಕ್ಕಳು ವೈದ್ಯರಾಗುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ, 1910ರಲ್ಲಿ, ಅವರು ವೈದ್ಯಕೀಯ ಪದವಿ ಪಡೆದರು. ನಂತರ ಮೆಲ್ಬರ್ನ್ ನಗರದಲ್ಲಿ ಅವರ ವೃತ್ತಿ ಚೆನ್ನಾಗಿ ನೆಲೆಗೊಂಡಿತು.

1915ರಲ್ಲಿ ಒಂದು ಕಿರುಪುಸ್ತಿಕೆ ಅವರ ಕೈಸೇರಿತು. ಅದರಲ್ಲಿದ್ದುದು ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್ ಅವರ ಜೀವನ. ಪರದೆಯ ಹಿಂದಿನ ಭಾರತೀಯ ಸ್ತ್ರೀಯರು ಪುರುಷ ವೈದ್ಯರ ಬಳಿ ಹೋಗಲಾಗದೆ, ಚಿಕಿತ್ಸೆಯಿಲ್ಲದೆ ಸಾಯುತ್ತಿದ್ದುದನ್ನು ಕಂಡು ರಾವಲ್ಪಿಂಡಿಯಲ್ಲಿ ಸ್ತ್ರೀಯರಿಗಾಗಿ ಆಸ್ಪತ್ರೆ ಸ್ಥಾಪಿಸಲು ಶ್ರಮಿಸಿದವರು ಆಗ್ನೆಸ್. ಆ ಜೀವನ ಮೇರಿಯವರ ಮನಸ್ಸನ್ನು ತಿರುಗಿಸಿತು. ಆದರೂ ಅವರು ಕೂಡಲೇ ಹಡಗು ಹತ್ತಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಯುದ್ಧದ ಆ ವರ್ಷಗಳಲ್ಲಿ ಊರಿನಲ್ಲೇ ಉಳಿದು ಮತ್ತೆ ಓದಿದರು. ಪ್ರಸೂತಿ, ಸ್ತ್ರೀರೋಗ ಹಾಗೂ ನೇತ್ರ ಚಿಕಿತ್ಸೆಯಲ್ಲಿ ಉನ್ನತ ವ್ಯಾಸಂಗ ಮಾಡಿ 1919ರಲ್ಲಿ ಎಂ.ಡಿ. ಪದವಿ ಪಡೆದರು. ಹೋಗಲಿರುವ ನಾಡಿನ ತಾಯಂದಿರಿಗೆ ಯಾವ ವಿದ್ಯೆ ಬೇಕಾಗಿತ್ತೋ ಅದನ್ನೇ ಕಲಿತು, 1920ರ ಆರಂಭದಲ್ಲಿ ಆಂಧ್ರದ ಗುಂಟೂರಿಗೆ ಬಂದಿಳಿದರು.

ಅಲ್ಲಿ ಅವರು ಯೇಸು ಮೇರಿ ಜೋಸೆಫ್ ಸಭೆಯನ್ನು ಸೇರಿ, ಪವಿತ್ರ ಹೃದಯದ ಭಗಿನಿ ಮೇರಿ ಎಂಬ ಹೆಸರು ಧರಿಸಿದರು. ಜಗದ್ಗುರು 15ನೇ ಬೆನೆಡಿಕ್ಟರ ವಿಶೇಷ ಅನುಮತಿಯಿಂದ ವೈದ್ಯವೃತ್ತಿ ಮುಂದುವರಿಸಿದರು. ಸಣ್ಣ ಔಷಧಾಲಯವೊಂದು ಅವರ ಕೈಯಲ್ಲಿ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ರೋಗಿಗಳ ಸಂಖ್ಯೆಗೆ ಮಿತಿಯಿರಲಿಲ್ಲ. ಒಬ್ಬರ ಕೈಯಿಂದ ಆಗುವ ಕೆಲಸವೂ ಅದಾಗಿರಲಿಲ್ಲ. ಆದ್ದರಿಂದ ಸ್ಥಳೀಯ ಹೆಣ್ಣುಮಕ್ಕಳನ್ನು ಕರೆದು ಔಷಧ ಸಿದ್ಧಪಡಿಸುವುದನ್ನು, ಹೆರಿಗೆ ಮಾಡಿಸುವುದನ್ನು, ಶುಶ್ರೂಷೆಯನ್ನು ಶಾಸ್ತ್ರೋಕ್ತವಾಗಿ ಕಲಿಸಿದರು. ಕಲಿತ ಒಬ್ಬ ದಾದಿ ಹಲವು ಹಳ್ಳಿಗಳಿಗೆ ಆಸರೆಯಾಗಬಲ್ಲಳೆಂಬುದನ್ನು ಅವರು ಕಂಡುಕೊಂಡಿದ್ದರು.

ಹೆರಿಗೆಯ ಆರೈಕೆಯಲ್ಲಿ ಧರ್ಮಭಗಿನಿಯರು ತೊಡಗುವುದಕ್ಕೆ ಅಂದು ಧರ್ಮಸಭೆಯ ನಿಯಮಗಳ ಅಡ್ಡಿಯಿತ್ತು. 1936ರ ಫೆಬ್ರವರಿ 11ರಂದು ರೋಮ್ ಹೊರಡಿಸಿದ ಆದೇಶವು ತಾಯಿ ಮತ್ತು ಶಿಶುವಿನ ಆರೈಕೆಗೆ ಭಗಿನಿಯರಿಗೆ ದಾರಿ ತೆರೆಯಿತು. ಅದಕ್ಕೆ ತಕ್ಕ ಶಿಕ್ಷಣವನ್ನೂ ಪ್ರಮಾಣಪತ್ರವನ್ನೂ ಪಡೆಯಬೇಕೆಂದು ಅದು ಸೂಚಿಸಿತು. ಒಳ್ಳೆಯ ಮನಸ್ಸೊಂದೇ ಸಾಲದೆಂದು ಧರ್ಮಸಭೆಯೇ ಹೇಳಿದಂತಾಯಿತು. 1943ರಲ್ಲಿ ಮೇರಿಯವರು ಇತರ ಭಗಿನಿಯರೊಡನೆ ಸೇರಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಇಂದು ಭಾರತದ ಕಥೋಲಿಕ ಆರೋಗ್ಯ ಸಂಘವೆಂಬ ಹೆಸರಿನ ಅದರಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ಸಂಸ್ಥೆಗಳಿವೆ. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬುದು ಅವರ ಕನಸಾಗಿತ್ತು. ಅದು ನನಸಾಗುವ ಮುನ್ನವೇ, 1957ರ ಮೇ 5ರಂದು, ಕ್ಯಾನ್ಸರ್ ಬೇನೆಯಿಂದ ನಮ್ಮ ಬೆಂಗಳೂರಿನಲ್ಲಿ ದೈವಾಧೀನರಾದರು. ಅದೇ ನಗರದಲ್ಲಿ 1963ರಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. ಇಂದು ಅಲ್ಲಿ ನರ್ಸಿಂಗ್ ಕಾಲೇಜೂ ಇದೆ. 2013ರಲ್ಲಿ ಧರ್ಮಸಭೆ ಮೇರಿಯವರನ್ನು ದೇವರ ಸೇವಕಿಯೆಂದು ಘೋಷಿಸಿತು.

ಈ ಬಾಳಿನ ಬೆಳಕಿನಲ್ಲಿ ನಮ್ಮ ಮಕ್ಕಳ ಮುಂದಿರುವ ದಾರಿಗಳನ್ನು ನೋಡೋಣ. ಎ.ಎನ್.ಎಂ. ಎರಡು ವರ್ಷದ್ದು, ಹಳ್ಳಿಯ ತಾಯಿ-ಮಕ್ಕಳ ಆರೋಗ್ಯ ಕಾರ್ಯಕ್ಕೆ ಸಿದ್ಧಗೊಳಿಸುತ್ತದೆ. ಜಿ.ಎನ್.ಎಂ. ಮೂರು ವರ್ಷಗಳ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ ಪದವಿ. ಇದಕ್ಕೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳನ್ನು ಓದಿರಬೇಕು. ಕಲಾ ವಿಭಾಗದಲ್ಲಿ ಓದಿದ ಮಗಳು ನಿರಾಶಳಾಗಬೇಕಿಲ್ಲ. ಜಿ.ಎನ್.ಎಂ. ಮುಗಿಸಿ ನೋಂದಣಿ ಪಡೆದವರಿಗೆ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ, ಅಲ್ಲಿಂದಲೂ ಎಂ.ಎಸ್ಸಿ.ಗೆ ಏರಬಹುದು. ಮನೆಯ ಕಷ್ಟದಿಂದ ಇಂದು ಚಿಕ್ಕ ಮೆಟ್ಟಿಲು ಹತ್ತಿದವಳು ನಾಳೆ ದೊಡ್ಡದನ್ನು ಹತ್ತಬಹುದು. ವಿಜ್ಞಾನ ಓದಿ, ಖರ್ಚು ಭರಿಸುವ ದಾರಿಯೂ ಇದ್ದರೆ, ನೇರ ಪದವಿಯೇ ಮೇಲು. ಎರಡು ಹಂತಗಳಲ್ಲಿ ಐದು ವರ್ಷ ಹಿಡಿಯುವ ಪದವಿ ಇಲ್ಲಿ ನಾಲ್ಕರಲ್ಲಿ ಮುಗಿಯುತ್ತದೆ.

ಕಾಕತಿಯ ಮಗಳಿಗೆ ಕಲಿಕೆ ದೂರದಲ್ಲಿಲ್ಲ. ಬೆಳಗಾವಿಯಲ್ಲೇ ದೊಡ್ಡ ಆಸ್ಪತ್ರೆಗಳೂ ನರ್ಸಿಂಗ್ ಕಾಲೇಜುಗಳೂ ಇವೆ. ಆದರೆ ಹಣ ಕಟ್ಟುವ ಮೊದಲು ತಂದೆತಾಯಿಗಳು ಮೂರು ಸಂಗತಿ ವಿಚಾರಿಸಲಿ: ಕಾಲೇಜಿಗೆ ಮಾನ್ಯತೆ ಇದೆಯೇ, ಓದು ಮುಗಿದ ಮೇಲೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗುವುದೇ, ಕಲಿಯಲು ಸಾಕಷ್ಟು ರೋಗಿಗಳಿರುವ ಆಸ್ಪತ್ರೆ ಇದೆಯೇ? ಹಾಸಿಗೆಗಳು ಖಾಲಿ ಇರುವೆಡೆ ಶುಶ್ರೂಷೆ ಕಲಿಯಲಾಗದು.

ರಾಣಿ ಚೆನ್ನಮ್ಮನ ತವರೂರಿನ ಹೆಣ್ಣುಮಕ್ಕಳಿಗೆ ಧೈರ್ಯದ ಕೊರತೆಯಿಲ್ಲ. ಅದರ ಜೊತೆಗೆ ವಿದ್ಯೆಯನ್ನೂ ಪೂರ್ಣವಾಗಿ ಕೊಡಿಸುವುದು ಹೆತ್ತವರ ಹೊಣೆ. ಮಗಳು ಕಲಿಯಲು ಕೇಳುವ ಒಂದೆರಡು ವರ್ಷಗಳು, ಮುಂದೆ ಅವಳ ಕೈಗೆ ಬರುವ ರೋಗಿಗಳ ಜೀವ ಕಾಯುವ ವರ್ಷಗಳು.