ಸೊಲ್ಲಾಪುರದಿಂದ ಹೊರಟ ಡಾಕ್ಟರ್

ಛತ್ರಪತಿ ಸಂಭಾಜಿನಗರದಿಂದ ನಮ್ಮ ವಿಜಯಪುರಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 52 ಬೀಡ್, ತುಳಜಾಪುರ ದಾಟಿ ಸೊಲ್ಲಾಪುರಕ್ಕೆ ಇಳಿಯುತ್ತದೆ. ನನ್ನ ಆಫೀಸು ನಾಸಿಕ್‌ನಲ್ಲಿ. ವಾಳೂಜ್‌ನ ಕಾರ್ಖಾನೆಯೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವುದರಿಂದ ತಿಂಗಳಲ್ಲಿ ಅರ್ಧ ಸಂಭಾಜಿನಗರದಲ್ಲೇ ಕಳೆಯುತ್ತದೆ. ಊರಿಗೆ ಹೊರಟಾಗ ಸೊಲ್ಲಾಪುರದಿಂದ ಬಸ್ಸಿನಲ್ಲಿ ಕನ್ನಡ ಕಿವಿಗೆ ಬೀಳತೊಡಗುತ್ತದೆ, ಸಿದ್ಧರಾಮೇಶ್ವರರ ಊರಲ್ಲವೇ! ಡಾ. ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದೂ ಅಲ್ಲೇ, 1910ರ ಅಕ್ಟೋಬರ್ 10ರಂದು. ಅವರ ಮನೆ ಈಗ ಸ್ಮಾರಕ. ಹಿರಿಯರಿಗೆ ಆ ಹೆಸರು ವಿ. ಶಾಂತಾರಾಂ ಅವರ 1946ರ ಸಿನಿಮಾದಿಂದ ಗೊತ್ತು, ನನ್ನ ವಯಸ್ಸಿನವರಿಗೆ ಅದೂ ಇಲ್ಲ.

1937ರಲ್ಲಿ ಜಪಾನ್ ಚೀನಾದ ಮೇಲೆ ಯುದ್ಧಕ್ಕೆ ಬಂದಾಗ, ವೈದ್ಯರನ್ನು ಕಳಿಸಿಕೊಡಿ ಎಂದು ಚೀನಾದ ಸೇನಾಪತಿ ಝು ದೆ ನೆಹರೂ ಅವರಿಗೆ ಪತ್ರ ಬರೆದರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸ್ ಹಣ ಕೂಡಿಸಿದರು. ನಾವೇ ಇನ್ನೊಬ್ಬರ ಕೈಕೆಳಗಿದ್ದ ಕಾಲವದು, ನೆನಪಿರಲಿ. ಐವರು ವೈದ್ಯರು 1938ರ ಸೆಪ್ಟೆಂಬರ್ 1ರಂದು ಮುಂಬೈಯಿಂದ ಹಡಗು ಹತ್ತಿದರು. ಮುಂಬೈಯ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ ಉನ್ನತ ವ್ಯಾಸಂಗಕ್ಕೆ ತಯಾರಾಗುತ್ತಿದ್ದ ಕೋಟ್ನಿಸ್ ಅವರಲ್ಲೊಬ್ಬರು.

ಅವರು ವುಹಾನ್ ತಲುಪುವ ಹೊತ್ತಿಗೆ ಆ ನಗರವೇ ಬೀಳುವುದರಲ್ಲಿತ್ತು. ಮನೆಮಠ ಬಿಟ್ಟ ಲಕ್ಷಾಂತರ ಜನ ಯಾಂಗ್ತ್ಸಿ ನದಿಗುಂಟ ಪಶ್ಚಿಮಕ್ಕೆ ಹೊರಟಿದ್ದರು. ಗಾಯಾಳುಗಳಿಗೆ ಚಿಕಿತ್ಸೆ ಕೊಡುತ್ತ ಇವರೂ ಅದೇ ದಾರಿ ಹಿಡಿದು ಚೊಂಗ್‌ಕಿಂಗ್ ಮುಟ್ಟಿದರು. ಅಪ್ಪ ತೀರಿಕೊಂಡ ಸುದ್ದಿ ಬಂದದ್ದು ಅಲ್ಲಿಗೆ. ಊರಿಗೆ ಹೋಗಿ ಬಾ ಎಂದು ಜೊತೆಯವರು ಹೇಳಿದರು. ಕೋಟ್ನಿಸ್ ಹೋಗಲಿಲ್ಲ. 1939ರ ಫೆಬ್ರುವರಿಯಲ್ಲಿ ಯೆನಾನ್ ಸೇರಿದರು.

ನನಗೆ ಈ ಜಾಗ ದಾಟುವುದು ಕಷ್ಟ. ನನ್ನ ಅಪ್ಪನಿಗೆ ಎಪ್ಪತ್ತು ದಾಟಿದೆ. ರಾತ್ರಿ ಊರಿನಿಂದ ಫೋನ್ ಬಂದರೆ ಮೊದಲು ಬಸ್ಸಿನ ಟೈಮು ನೋಡುವವನು ನಾನು. ಕೋಟ್ನಿಸ್ ಅವರ ನಿರ್ಧಾರ ಸರಿ ಎಂದು ಚೀನಾದ ಗಾಯಾಳುಗಳ ಕಡೆಯಿಂದ ಹೇಳಬಹುದು. ಮಗನನ್ನು ಕಳಿಸುವಾಗಲೇ ಮನಸ್ಸು ಸಣ್ಣ ಮಾಡಿಕೊಂಡಿದ್ದ ಆ ತಾಯಿಯ ಕಡೆಯಿಂದ ಹೇಗೆ ಹೇಳಲಿ?

ಕೆನಡಾದ ಸರ್ಜನ್ ನಾರ್ಮನ್ ಬೆಥೂನ್ 1939ರಲ್ಲಿ ರಕ್ತ ನಂಜಾಗಿ ಸತ್ತಿದ್ದರು. ಅವರ ಹೆಸರಿನ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನಿಸ್ ನಿರ್ದೇಶಕರಾದರು. ಆಸ್ಪತ್ರೆ ಎಂದರೆ ದೊಡ್ಡ ಕಟ್ಟಡ ಎಂದುಕೊಳ್ಳಬೇಡಿ. ಹಬೆಯ ಗುಡ್ಡಗಾಡಿನ ಹಳ್ಳಿಮನೆಗಳೇ ವಾರ್ಡು. ಜಪಾನಿ ಸೈನ್ಯ ಗುಡ್ಡಗಳನ್ನು ಜಾಲಾಡತೊಡಗಿದರೆ ರೋಗಿಗಳನ್ನೂ ಔಷಧಿಯನ್ನೂ ಹೊತ್ತು ಮುಂದಿನ ಹಳ್ಳಿಗೆ ಹೋಗಬೇಕು. ಒಕ್ಕಲೆದ್ದ ಜನರಂತೆ ಆಸ್ಪತ್ರೆಯದೂ ಅಲೆದಾಟವೇ. 1940ರ ಕದನಗಳಲ್ಲಿ ಅವರು ಎಂಟುನೂರಕ್ಕೂ ಹೆಚ್ಚು ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟಿದ್ದರು. ಓದಿ ಬರೆಯುವಷ್ಟು ಚೀನೀ ಕಲಿತು, ಅದೇ ಭಾಷೆಯಲ್ಲಿ ಪಾಠ ಮಾಡಿ ಸ್ಥಳೀಯ ಹುಡುಗರನ್ನು ವೈದ್ಯಕೀಯಕ್ಕೆ ತಯಾರು ಮಾಡಿದರು. ಎಂಟುನೂರು ಗಾಯಾಳುಗಳಿಗಿಂತ ಈ ಪಾಠವೇ ದೊಡ್ಡ ಕೆಲಸ ಎನ್ನುವುದು ನನ್ನ ಅನಿಸಿಕೆ. ವೈದ್ಯರು ಹೋದ ಮೇಲೂ ಉಳಿಯುವುದು ಅದೇ.

1941ರ ಡಿಸೆಂಬರ್‌ನಲ್ಲಿ ದಾದಿ ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಮರುವರ್ಷ ಆಗಸ್ಟ್‌ನಲ್ಲಿ ಮಗ ಹುಟ್ಟಿದ. ಆಗಲೇ ಕೋಟ್ನಿಸ್ ಅವರಿಗೆ ಅಪಸ್ಮಾರ ಕಾಡುತ್ತಿತ್ತು. 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿನಲ್ಲಿ, ಅದರಿಂದಲೇ ತೀರಿಕೊಂಡರು.

ಗುವೊ ಚಿಂಗ್‌ಲಾನ್ ಮುಂದೆ ಭಾರತಕ್ಕೆ ಬಂದು ಕೋಟ್ನಿಸ್ ಮನೆಯವರನ್ನು ಕಂಡರು. ಮಗನ ಹೆಸರು ಯಿನ್‌ಹುವಾ. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಅವನೂ ವೈದ್ಯಕೀಯವನ್ನೇ ಓದುತ್ತಿದ್ದ, ಓದು ಮುಗಿಯುವ ಮೊದಲೇ 1967ರಲ್ಲಿ ತೀರಿಹೋದ.