ಇರಾವತಿ ಕರ್ವೆ: ಮನೆಮಾತಿನಲ್ಲಿ ಇತಿಹಾಸ ಹುಡುಕಿದವರು

ಈ ಸಲದ ಸಂಚಿಕೆಗೆ ಹಿಂದಿನ ಕಾಲದ ಒಬ್ಬ ಮಹಿಳೆಯ ಬಗ್ಗೆ ಬರೆದುಕೊಡಿ ಎಂದು ವೇದಿಕೆಯ ಗೆಳತಿಯರು ಕೇಳಿದಾಗ ನನಗೆ ಮೊದಲು ಹೊಳೆದ ಹೆಸರು ಇರಾವತಿ ಕರ್ವೆ. ನಾನು ಕಾಲೇಜಿನಲ್ಲಿ ಇತಿಹಾಸವನ್ನಾಗಲಿ ಸಮಾಜಶಾಸ್ತ್ರವನ್ನಾಗಲಿ ಓದಿದವಳಲ್ಲ. ಎಂ.ಟೆಕ್. ಮುಗಿಸಿ, ಪುಣೆಯ ಐಟಿ ಕಂಪನಿಯೊಂದರಲ್ಲಿ ಡೇಟಾ ನೋಡುತ್ತಾ ದಿನ ಕಳೆಯುವವಳು. ಭಾನುವಾರಗಳಂದು ಮಾತ್ರ ನಮ್ಮ ಸಂಘದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಇಷ್ಟೊಂದು ರಾಜರು, ಇಷ್ಟೊಂದು ಇಸವಿ, ಇದನ್ನೆಲ್ಲ ಬಾಯಿಪಾಠ ಮಾಡಿ ಏನು ಪ್ರಯೋಜನ ಎಂದು ಆ ಮಕ್ಕಳು ಆಗಾಗ ಕೇಳುತ್ತಾರೆ. ಅವರಿಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದವರು, ನಾವು ಈಗ ಬಾಳುತ್ತಿರುವ ಇದೇ ಊರಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಈ ವಿದ್ವಾಂಸೆ.

ಇರಾವತಿ ಹುಟ್ಟಿದ್ದು 1905ರ ಡಿಸೆಂಬರ್ 15ರಂದು, ಬರ್ಮಾ ದೇಶದಲ್ಲಿ. ತಂದೆ ಅಲ್ಲಿ ಹತ್ತಿ ಕಂಪನಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಹರಿಯುವ ಐರಾವತಿ ನದಿಯ ಹೆಸರನ್ನೇ ಮಗಳಿಗೆ ಇಟ್ಟರು. ಏಳನೆಯ ವಯಸ್ಸಿಗೆ ಓದಲೆಂದು ಅವಳನ್ನು ಪುಣೆಯ ಹುಜೂರ್‌ಪಾಗಾ ಹೆಣ್ಣುಮಕ್ಕಳ ಶಾಲೆಗೆ ಕಳಿಸಿದರು. ಮುಂದೆ ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರೂ ಗಣಿತಜ್ಞರೂ ಆಗಿದ್ದ ರ‍್ಯಾಂಗ್ಲರ್ ಪರಾಂಜಪೆಯವರ ಮನೆಯಲ್ಲಿ ಮನೆಮಗಳಂತೆ ಬೆಳೆದರು. ಪುಸ್ತಕ, ಚರ್ಚೆ, ವಾದ ತುಂಬಿದ ಮನೆ ಅದು. 1926ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದು, ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಬಳಿ ಸಮಾಜಶಾಸ್ತ್ರ ಓದಿ, 1928ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದರು.

ಅಷ್ಟರಲ್ಲಿ ದಿನಕರ ಕರ್ವೆಯವರ ಜೊತೆ ಮದುವೆಯಾಗಿತ್ತು. ಮಾವ ಧೋಂಡೋ ಕೇಶವ ಕರ್ವೆ ವಿಧವೆಯರ ಶಿಕ್ಷಣಕ್ಕೆ ಜೀವನವನ್ನೇ ಮುಡಿಪಾಗಿಟ್ಟವರು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದವರು, 1958ರಲ್ಲಿ ಭಾರತರತ್ನ ಪಡೆದವರು. ಇಂಥ ಮಾವನಿಗೂ ಸೊಸೆ ಹೆಚ್ಚಿನ ಓದಿಗೆ ಜರ್ಮನಿಗೆ ಹೋಗುವುದು ಒಪ್ಪಿಗೆಯಾಗಲಿಲ್ಲ. ಸ್ವತಃ ಜರ್ಮನಿಯಲ್ಲಿ ಓದಿ ಬಂದಿದ್ದ ಗಂಡ ಹೆಂಡತಿಯ ಬೆನ್ನಿಗೆ ನಿಂತರು. ಸಾಲ ಮಾಡಿಯೇ ಹೋಗಬೇಕಾಯಿತು. ಊರಿಗೆಲ್ಲ ಸುಧಾರಕರಾಗಿದ್ದ ಮನೆಯಲ್ಲೂ ಸೊಸೆಯ ಓದು ಚರ್ಚೆಯ ವಿಷಯವಾಗಿತ್ತು ಎನ್ನುವುದನ್ನು ನಮ್ಮಲ್ಲಿ ಹಲವರು ಓದಿದ ಕೂಡಲೇ ಅರ್ಥ ಮಾಡಿಕೊಳ್ಳುತ್ತೇವೆ.

1928ರ ಕೊನೆಗೆ ಇರಾವತಿ ಬರ್ಲಿನ್‌ನ ಕೈಸರ್ ವಿಲ್‌ಹೆಲ್ಮ್ ಸಂಸ್ಥೆ ಸೇರಿದರು. ಅಲ್ಲಿ ಗುರುಗಳಾಗಿ ಸಿಕ್ಕಿದವರು ಯೂಜೆನ್ ಫಿಶರ್. ಮುಂದೆ ನಾಜಿಗಳ ಜನಾಂಗ ನೀತಿಗೆ ವಿಜ್ಞಾನದ ಮುಖವಾಡ ಒದಗಿಸಿದವರಲ್ಲಿ ಈ ಫಿಶರ್ ಒಬ್ಬರು. ಬಿಳಿಯರ ತಲೆಬುರುಡೆಯಲ್ಲಿ ಎಡಭಾಗಕ್ಕೂ ಬಲಭಾಗಕ್ಕೂ ಇರುವ ವ್ಯತ್ಯಾಸ ಬೇರೆಯವರಿಗಿಂತ ಹೆಚ್ಚು, ಅದು ಅವರ ಬುದ್ಧಿಶಕ್ತಿಯ ಗುರುತು ಎಂಬುದು ಗುರುಗಳ ಊಹೆ. ಅದನ್ನು ಪರೀಕ್ಷಿಸುವ ಕೆಲಸ ಶಿಷ್ಯೆಯ ಪಾಲಿಗೆ ಬಂತು. ಇರಾವತಿ ನೂರಕ್ಕೂ ಹೆಚ್ಚು ಬುರುಡೆಗಳನ್ನು ಅಳೆದರು. ಎಡಬಲದ ವ್ಯತ್ಯಾಸ ಎಲ್ಲರಲ್ಲೂ ಇತ್ತು, ಆದರೆ ಜನಾಂಗಕ್ಕೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ಅವರು ಅದನ್ನೇ ಪ್ರಬಂಧದಲ್ಲಿ ಬರೆದು, 1930ರಲ್ಲಿ ಡಾಕ್ಟರೇಟ್ ಪಡೆದು ಊರಿಗೆ ಮರಳಿದರು.

ಈ ಘಟನೆಯನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪರದೇಶ, ತಲೆಯ ಮೇಲೆ ಸಾಲ, ಇಪ್ಪತ್ತೈದು ತುಂಬದ ಹೆಣ್ಣುಮಗಳು, ಪದವಿ ಕೊಡಬೇಕಾದವರೇ ಎದುರಿಗಿರುವ ಗುರುಗಳು. ಅವರಿಗೆ ಬೇಕಾದ ಉತ್ತರ ಬರೆದಿದ್ದರೆ ದಾರಿ ಸುಗಮವಾಗುತ್ತಿತ್ತು. ಡೇಟಾ ಜೊತೆ ಕೆಲಸ ಮಾಡುವವರಿಗೆಲ್ಲ ಈ ಸಂಕಟ ಗೊತ್ತು. ಮೇಲಿನವರು ಕಾಯುತ್ತಿರುವ ಸಂಖ್ಯೆ ಒಂದು, ಲೆಕ್ಕ ಕೊಡುವ ಸಂಖ್ಯೆ ಇನ್ನೊಂದು. ಇತಿಹಾಸವನ್ನು ಸಮಾಜವಿಜ್ಞಾನದ ಕಣ್ಣಿನಿಂದ ನೋಡಬೇಕಾದರೆ ಮೊದಲು ಬೇಕಾದದ್ದು ಈ ಪ್ರಾಮಾಣಿಕತೆ ಎಂದು ನನಗೆ ಅನಿಸುತ್ತದೆ. ಉತ್ತರವನ್ನು ಮೊದಲೇ ಇಟ್ಟುಕೊಂಡು ಸಾಕ್ಷ್ಯ ಹುಡುಕುವವರಿಗೆ ಇತಿಹಾಸ ಏನನ್ನೂ ಹೊಸದಾಗಿ ಕಲಿಸುವುದಿಲ್ಲ.

ಮರಳಿ ಬಂದಮೇಲೆ ಕೆಲವು ವರ್ಷ ಮುಂಬಯಿಯಲ್ಲಿ ಮಹಿಳಾ ವಿಶ್ವವಿದ್ಯಾಲಯದ ಆಡಳಿತ ನೋಡಿಕೊಂಡರು. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸಂಶೋಧನಾ ಸಂಸ್ಥೆಯಾಗಿ ಮತ್ತೆ ಬಾಗಿಲು ತೆರೆದಾಗ ಅಲ್ಲಿ ಸೇರಿದವರು ಕೊನೆಯವರೆಗೂ ಅಲ್ಲೇ ಇದ್ದರು. ಮೂವರು ಮಕ್ಕಳನ್ನು ಬೆಳೆಸುತ್ತಲೇ ಊರೂರು ತಿರುಗಿದರು. ಪುಣೆಯ ರಸ್ತೆಗಳಲ್ಲಿ ಸ್ಕೂಟರ್ ಓಡಿಸಿದ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರೆಂದು ಊರವರು ಇಂದಿಗೂ ನೆನೆಯುತ್ತಾರೆ. ಪುರಾತತ್ತ್ವಜ್ಞ ಎಚ್.ಡಿ. ಸಾಂಕಳಿಯಾ ಅವರ ಜೊತೆ ಗುಜರಾತಿನ ಲಂಘನಾಜ್‌ನಲ್ಲಿ ಶಿಲಾಯುಗದ ನೆಲೆಯ ಉತ್ಖನನಕ್ಕೂ ಹೋದರು. 1947ರಲ್ಲಿ ದೆಹಲಿಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮಾನವಶಾಸ್ತ್ರ ವಿಭಾಗಕ್ಕೆ ಅಧ್ಯಕ್ಷರಾದರು.

ನಮಗೆ ಅತಿ ಹತ್ತಿರವಾದ ಅವರ ಕೆಲಸವೆಂದರೆ 1953ರಲ್ಲಿ ಪ್ರಕಟವಾದ, ಭಾರತದ ಬಂಧುತ್ವ ವ್ಯವಸ್ಥೆಯ ಮೇಲಿನ ಗ್ರಂಥ. ದೇಶವನ್ನು ಅವರು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯಗಳಾಗಿ ನೋಡಿದರು. ಭಾಷೆ, ಪ್ರದೇಶ, ಜಾತಿ, ಕುಟುಂಬ ಇವೆಲ್ಲವನ್ನೂ ಒಟ್ಟಿಗೆ ಇಟ್ಟು ಓದಿದರು. ಅವರು ಮುಖ್ಯ ಸಾಕ್ಷ್ಯವಾಗಿ ತೆಗೆದುಕೊಂಡದ್ದರಲ್ಲಿ ಪ್ರತಿ ಭಾಷೆಯಲ್ಲೂ ಜನ ತಮ್ಮ ನೆಂಟರನ್ನು ಕರೆಯುವ ಪದಗಳೂ ಸೇರಿದ್ದವು.

ನಮ್ಮ ಕನ್ನಡವನ್ನೇ ನೋಡಿ. ಅಪ್ಪನ ತಂಗಿ ಅತ್ತೆ, ಸೋದರಮಾವನ ಹೆಂಡತಿ ಅತ್ತೆ, ಗಂಡನ ತಾಯಿಯೂ ಅತ್ತೆ. ಹಿಂದಿಯಲ್ಲಿ ಈ ಮೂವರಿಗೆ ಬುವಾ, ಮಾಮಿ, ಸಾಸ್ ಎಂದು ಮೂರು ಬೇರೆ ಪದಗಳು. ಅಮ್ಮನ ತಮ್ಮನೂ ನಮಗೆ ಮಾವ, ಗಂಡನ ತಂದೆಯೂ ಮಾವ. ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ದಕ್ಷಿಣದಲ್ಲಿ ಸೋದರಮಾವನ ಮಗಳು, ಸೋದರತ್ತೆಯ ಮಗಳು, ಅಕ್ಕನ ಮಗಳು ಇವರನ್ನು ತಂದುಕೊಳ್ಳುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಹಾಗಾಗಿ ನೆಂಟರೂ ಬೀಗರೂ ಒಂದೇ ಬಳಗದವರು, ಇಬ್ಬರಿಗೂ ಒಂದೇ ಪದ. ಉತ್ತರದ ಬಹುಭಾಗದಲ್ಲಿ ಹತ್ತಿರದ ಸಂಬಂಧದಲ್ಲಿ ಮದುವೆ ನಿಷಿದ್ಧ, ಸೊಸೆ ಬೇರೆ ಊರಿನಿಂದ ಅಪರಿಚಿತಳಾಗಿ ಬರುತ್ತಾಳೆ. ತವರಿನಲ್ಲಿ ಮಗಳಾಗಿ ಅವಳಿಗಿದ್ದ ಸಲಿಗೆಗೂ ಗಂಡನ ಮನೆಯ ಘೂಂಘಟ್‌ಗೂ ನಡುವಿನ ಅಂತರ ಎಲ್ಲಿಂದ ಬಂತೆಂದು ಇರಾವತಿ ಈ ವ್ಯವಸ್ಥೆಯ ಮೂಲಕ ವಿವರಿಸಿದರು.

ಇನ್ನು ಮಹಾರಾಷ್ಟ್ರ ಇವೆರಡರ ನಡುವಿನ ಮಧ್ಯ ವಲಯಕ್ಕೆ ಸೇರುತ್ತದೆ. ಮರಾಠಿಯಲ್ಲಿ ಆತ್ಯಾ, ಮಾಮಿ, ಸಾಸೂ ಎಂದು ಪದಗಳು ಬೇರೆ ಬೇರೆಯಾಗಿವೆ. ಆದರೆ ಹಳೆಯ ಮನೆಗಳಲ್ಲಿ ಸೊಸೆಯಂದಿರು ಮಾವನವರನ್ನು ಮಾಮಂಜಿ ಎಂದೂ, ಅತ್ತೆಯವರನ್ನು ಆತ್ಯಾಬಾಯಿ ಎಂದೂ ಕರೆಯುತ್ತಿದ್ದರು. ಮಾಮಾನ ಮಗಳನ್ನು ತಂದುಕೊಳ್ಳುವುದು ಅಲ್ಲಿನ ಹಲವು ಸಮುದಾಯಗಳಲ್ಲಿ ಇದೆ. ಉತ್ತರದ ಭಾಷೆ, ದಕ್ಷಿಣದ ನೆಂಟಸ್ತಿಕೆ ಎರಡೂ ಒಂದೇ ಮನೆಯಲ್ಲಿ ಬೆರೆತಿವೆ. ಯಾವ ಶಾಸನದಲ್ಲೂ ಕೆತ್ತಿಲ್ಲದ ಇತಿಹಾಸ ಇದು. ಅದನ್ನು ಸಾವಿರಾರು ವರ್ಷ ಉಳಿಸಿಕೊಂಡು ಬಂದವರು ಅಡುಗೆಮನೆಯಲ್ಲಿ, ಬಾಣಂತನದ ಕೋಣೆಯಲ್ಲಿ, ಮದುವೆ ಮನೆಯಲ್ಲಿ ಈ ಪದಗಳನ್ನು ಮಕ್ಕಳಿಗೆ ಕಲಿಸಿದ ಹೆಂಗಸರು.

ಹಾಗೆಂದು ದಕ್ಷಿಣದ ಪದ್ಧತಿಯೇ ಹೆಣ್ಣಿಗೆ ಸುಖ ಎಂದು ನಾನು ಹೇಳುತ್ತಿಲ್ಲ. ಗುರುತಿನ ಮನೆ ಎನ್ನುವ ಒಂದೇ ಕಾರಣಕ್ಕೆ, ಕೇಳದೆಯೇ ಸೋದರಮಾವನಿಗೆ ಕೊಟ್ಟುಬಿಟ್ಟ ಹುಡುಗಿಯರ ಕಥೆ ನಮ್ಮ ಅಜ್ಜಿಯರ ಬಳಿ ಬೇಕಾದಷ್ಟಿವೆ. ಮದುವೆಯ ನಿಯಮದ ಹಿಂದೆ ಹೊಲ, ಒಡವೆ, ಮನೆತನದ ಲೆಕ್ಕಾಚಾರ ಇರುತ್ತದೆ ಎನ್ನುವುದೂ ಇತಿಹಾಸದ ಪಾಠವೇ.

ಜಾತಿಯ ವಿಷಯದಲ್ಲೂ ಇರಾವತಿ ಇದೇ ರೀತಿ ಕೆಳಗಿನಿಂದ ನೋಡಿದರು. ಒಂದೇ ಜಾತಿ ಒಡೆದು ಹಲವು ಉಪಜಾತಿಗಳಾದವು ಎಂಬುದು ಅವರ ಗುರು ಘುರ್ಯೆಯವರೂ ಒಪ್ಪಿದ್ದ ವಿವರಣೆ. ಇರಾವತಿ ಮಹಾರಾಷ್ಟ್ರದ ಕುಂಬಾರರ ಗುಂಪುಗಳನ್ನು ಗಮನಿಸಿದರು. ಹೆಸರು ಒಂದೇ ಆದರೂ ಗುಂಪಿನಿಂದ ಗುಂಪಿಗೆ ತಿಗುರಿ ಬೇರೆ, ಮಡಕೆ ಮಾಡುವ ರೀತಿ ಬೇರೆ, ಪರಸ್ಪರ ಹೆಣ್ಣು ಕೊಟ್ಟು ತರುವ ರೂಢಿಯೂ ಇಲ್ಲ. ಒಂದು ಕಸುಬು ಮಾಡುವ ಬೇರೆ ಬೇರೆ ಮೂಲದ ಜನ ಒಂದು ಹೆಸರಿನಡಿ ಬಂದಿದ್ದಾರೆ ಎಂದು ಅವರು ವಾದಿಸಿದರು. 1968ರಲ್ಲಿ ಯುವ ಸಂಶೋಧಕ ಕೈಲಾಸ್ ಮಲ್ಹೋತ್ರಾ ಅವರ ಜೊತೆಗೂಡಿ, ಮಹಾರಾಷ್ಟ್ರದಲ್ಲಿ ಸಮಾನ ಸ್ಥಾನದ ಎಂಟು ಗುಂಪುಗಳನ್ನು ಹೋಲಿಸಿದ ಲೇಖನವನ್ನೂ ಪ್ರಕಟಿಸಿದರು. ಮೊದಲು ಜರ್ಮನಿಯ ಗುರು, ಆಮೇಲೆ ಮುಂಬಯಿಯ ಗುರು, ಇಬ್ಬರ ಜೊತೆಗೂ ಅವರ ಭಿನ್ನಾಭಿಪ್ರಾಯ ಸಾಕ್ಷ್ಯದ ಆಧಾರದ ಮೇಲೆಯೇ ಇತ್ತು.

ಪಂಢರಪುರದ ವಾರಿಯಲ್ಲಿ ಅವರು ಪಾಲಖಿಯ ಜೊತೆ ಕಾಲ್ನಡಿಗೆಯಲ್ಲಿ ಹೋದರು. ಕರ್ನಾಟಕದ ಭಕ್ತರೂ ವಿಠಲನನ್ನು ಕಾಣಲು ಹೋಗುವ ಕ್ಷೇತ್ರ ಅದು. ಅಭಂಗ ಹಾಡುವಾಗ ಎಲ್ಲರೂ ಒಂದಾಗುತ್ತಿದ್ದರು, ಅಡುಗೆ ಒಲೆ ಮಾತ್ರ ಜಾತಿಗೊಂದು ಉರಿಯುತ್ತಿತ್ತು. ಇರಾವತಿ ಇದನ್ನು ನೋಡಿ ನೊಂದರು, ಬರೆದರು, ಇನ್ನೊಂದು ಪಂಕ್ತಿಯ ಹೆಂಗಸರ ಜೊತೆ ಕುಳಿತು ಊಟ ಮಾಡಿದರು. ಆ ಭಕ್ತಿಯ ಬಗ್ಗೆ ಅವರಿಗೆ ಪ್ರೀತಿಯಿತ್ತು, ಆದರೆ ಪ್ರೀತಿ ಇದೆಯೆಂದು ಕಂಡದ್ದನ್ನು ಮುಚ್ಚಿಡಲಿಲ್ಲ.

ಸಾಮಾನ್ಯ ಓದುಗರಿಗೆ ಅವರು ಪರಿಚಿತರಾದದ್ದು 1967ರ ಮರಾಠಿ ಕೃತಿ ಯುಗಾಂತದಿಂದ. ಮರುವರ್ಷವೇ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಣೆಯ ಭಂಡಾರ್ಕರ್ ಸಂಸ್ಥೆ ಸಿದ್ಧಪಡಿಸಿದ ಮಹಾಭಾರತದ ಪರಿಷ್ಕೃತ ಪಾಠವನ್ನು ಆಧಾರವಾಗಿಟ್ಟು, ಅದರ ಪಾತ್ರಗಳನ್ನು ಒಂದು ಸಮಾಜದ ಮನುಷ್ಯರಾಗಿ ಓದಿದ ಪುಸ್ತಕ ಅದು. ಭೀಷ್ಮನ ಪ್ರತಿಜ್ಞೆಯನ್ನು ನಾವು ಹೊಗಳುತ್ತೇವೆ, ಆ ಪ್ರತಿಜ್ಞೆಯಿಂದ ಅಂಬೆ, ಗಾಂಧಾರಿ, ಕುಂತಿ, ಮಾದ್ರಿಯರಿಗೆ ಏನಾಯಿತು ಎಂದು ಇರಾವತಿ ಲೆಕ್ಕ ಹಾಕಿದರು. ಖಾಂಡವ ದಹನದಲ್ಲಿ ಅವರಿಗೆ ಕಂಡದ್ದು ಅಗ್ನಿಯ ಹಸಿವಿಗಿಂತ ಹೆಚ್ಚಾಗಿ ಭೂಮಿಯ ಹಸಿವು. ಕಾಡು ಸುಟ್ಟು ಹೊಸ ನೆಲ ಪಡೆಯಲು ಹೊರಟವರಿಗೆ ಅಲ್ಲಿ ಮೊದಲೇ ಇದ್ದ ನಾಗರು ಅಡ್ಡಿಯಾಗಿದ್ದರು. ಭೈರಪ್ಪನವರ ಪರ್ವ ಓದಿದ ಕನ್ನಡಿಗರಿಗೆ ಈ ನೋಟ ಹೊಸದೆನಿಸದು. ಪರ್ವ ಬಂದದ್ದು ಹನ್ನೆರಡು ವರ್ಷದ ನಂತರ, 1979ರಲ್ಲಿ.

ಅವರ ಎಲ್ಲ ವಿಧಾನಗಳೂ ಇಂದು ನಿಲ್ಲುವುದಿಲ್ಲ. ದೇಹ, ತಲೆಗಳನ್ನು ಅಳೆದು ಜನರ ಮೂಲ ಹೇಳುವ ಕ್ರಮವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆ ಅಳತೆಗಳನ್ನು ಈಗಿನ ವಿದ್ವಾಂಸರು ಅಷ್ಟಾಗಿ ನಂಬುವುದಿಲ್ಲ. ಆದರೆ ಅವರ ಪ್ರಶ್ನೆಗಳು ಹಳತಾಗಿಲ್ಲ. ಕೊಯ್ನಾ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರನ್ನು ಭೇಟಿಯಾಗಿ, ಮಗಳು ಜಾಯಿ ನಿಂಬ್ಕರ್ ಜೊತೆಗೂಡಿ 1969ರಲ್ಲಿ ಸಮೀಕ್ಷೆ ಪ್ರಕಟಿಸಿದರು. ಅಣೆಕಟ್ಟಿನ ಇತಿಹಾಸ ಅಂದರೆ ಉದ್ಘಾಟನೆಯ ಇಸವಿ ಮಾತ್ರವಲ್ಲ, ಮುಳುಗಿದ ಊರಿನವರು ಎಲ್ಲಿಗೆ ಹೋದರು ಎಂಬುದೂ ಹೌದು ಎನ್ನುವುದಕ್ಕೆ ಆ ಸಮೀಕ್ಷೆ ಸಾಕ್ಷಿ. ಮರುವರ್ಷ, 1970ರ ಆಗಸ್ಟ್ 11ರಂದು ಅವರು ತೀರಿಕೊಂಡರು.

ಕಳೆದ ವರ್ಷ ನಾನು ನಮ್ಮ ತರಗತಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ಹಾಳೆಯಲ್ಲಿ ಎರಡು ಸಾಲು ಎಳೆದು, ನೆಂಟರನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ, ಪಕ್ಕದ ಮನೆಯ ಮರಾಠಿ ಗೆಳೆಯರು ಏನೆಂದು ಕರೆಯುತ್ತಾರೆ ಎಂದು ಬರೆದು ತರಲು ಹೇಳಿದೆ. ಉಡುಪಿ ಕಡೆಯ ಒಬ್ಬ ಹುಡುಗಿ ಅಜ್ಜಿಯನ್ನು ಫೋನಿನಲ್ಲಿ ಕೇಳಿ ಅಳಿಯಸಂತಾನದ ವಿಷಯ ತಂದಳು. ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು ಎಂದಾಗ ಉಳಿದ ಮಕ್ಕಳು ಹಾಗಾದರೆ ಅಪ್ಪನಿಗೆ ಏನು ಕೆಲಸ ಎಂದು ವಾದಕ್ಕೆ ನಿಂತರು. ಅರ್ಧ ಗಂಟೆ ನಡೆದ ಆ ವಾದದಲ್ಲಿ ಒಬ್ಬ ರಾಜನ ಹೆಸರೂ ಬರಲಿಲ್ಲ. ಆಮೇಲೆ ಅವರೇ ಪುಸ್ತಕ ತೆರೆದು, ವಿಜಯನಗರದ ಕಾಲದಲ್ಲೂ ಹೀಗೇ ಇತ್ತೇ ಎಂದು ಕೇಳಿದರು. ಆಗ ಇಸವಿಗಳು ಅವರಿಗೆ ಬೇಕಾದವು.

ಗೆಳತಿಯರೇ, ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಅಜ್ಜಿ ಮದುವೆಯಾಗಿ ಎಷ್ಟು ದೂರದಿಂದ ಬಂದರು, ಗಂಡನ ಮನೆಯಲ್ಲಿ ಮೊದಲೇ ಪರಿಚಯದವರು ಯಾರಿದ್ದರು, ಹೊಲ ಯಾರ ಹೆಸರಿನಲ್ಲಿತ್ತು, ಬಾವಿ ಯಾರದ್ದು, ಹಬ್ಬದ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಎಂದು ಕೇಳಿ ಬರೆದು ತರಲಿ. ಬೀದರ್, ಧಾರವಾಡ, ಮಂಗಳೂರು, ಮೈಸೂರು, ಕೊಡಗು, ಎಲ್ಲ ಕಡೆಯವರೂ ನಮ್ಮ ಸಂಘದಲ್ಲಿದ್ದಾರೆ. ಕೆಲವು ಉತ್ತರಗಳು ನಮಗೆ ಹೆಮ್ಮೆ ತರಬಹುದು, ಕೆಲವು ಮುಜುಗರ ತರಬಹುದು. ಎರಡನ್ನೂ ಅಳಿಸದೆ ಹಾಗೆಯೇ ಕಳಿಸಿಕೊಡಿ. ಜೂನ್ ತಿಂಗಳ ತರಗತಿಯಲ್ಲಿ ಎಲ್ಲವನ್ನೂ ಒಂದು ದೊಡ್ಡ ನಕ್ಷೆಯ ಮೇಲೆ ಮಕ್ಕಳಿಂದಲೇ ಗುರುತು ಹಾಕಿಸೋಣ.